ವಿಳಾಸದ ಚೀಟಿ ಅಂಟಿದ ಮುಖಪುಟ

ರೈಲು ನಿಲ್ದಾಣದ ಬಳಿಯ ಒಂದು ಸಾಧಾರಣ ಉಪಾಹಾರ ಗೃಹ. ಒಬ್ಬ ವೃದ್ಧೆ ಹಾಗೂ ಪುಟ್ಟ ಬಾಲಕ ಊಟಕ್ಕೆ ಮುನ್ನ ತಲೆಬಾಗಿ ಪ್ರಾರ್ಥಿಸುತ್ತಿದ್ದಾರೆ. ಅದೇ ಮೇಜಿನಲ್ಲಿ ಕುಳಿತ ಇಬ್ಬರು ಯುವಕರು ಅವರನ್ನೇ ನೋಡುತ್ತಿದ್ದಾರೆ; ಒಬ್ಬನ ಬಾಯಲ್ಲಿ ಸಿಗರೇಟು. 'ದಿ ಸ್ಯಾಟರ್ಡೇ ಈವ್ನಿಂಗ್ ಪೋಸ್ಟ್' ಎಂಬ ಅಮೆರಿಕದ ಪತ್ರಿಕೆಯ 1951ರ ನವೆಂಬರ್ 24ರ ಮುಖಪುಟವಿದು. ರಚಿಸಿದವರು ನಾರ್ಮನ್ ರಾಕ್‌ವೆಲ್. 1916ರಿಂದ 1963ರವರೆಗೆ ಅವರು ಆ ಪತ್ರಿಕೆಗೆ ಮುನ್ನೂರಕ್ಕೂ ಹೆಚ್ಚು ಮುಖಪುಟಗಳನ್ನು ಬರೆದರು. ಹಳೆಯ ಪತ್ರಿಕೆಗಳನ್ನು ಕೂಡಿಡುವವರು ಇಂದಿಗೂ ಅವನ್ನು ಹುಡುಕುತ್ತಾರೆ.

ಈ ಚಿತ್ರದ ಹಿರಿಮೆ ಇರುವುದು ಪ್ರಾರ್ಥಿಸುವವರಲ್ಲಿ ಅಲ್ಲ, ನೋಡುವವರಲ್ಲಿ. ತಲೆಬಾಗಿದವರ ಮುಖ ನಮಗೆ ಅಷ್ಟಾಗಿ ಕಾಣದು. ನೋಡುವವರ ಮುಖದಲ್ಲಿ ಅಣಕವಿಲ್ಲ, ದಿಢೀರನೆ ಮೂಡಿದ ಭಕ್ತಿಯೂ ಇಲ್ಲ. ಒಂದು ಕ್ಷಣದ ನಿಶ್ಶಬ್ದ ಕುತೂಹಲವಷ್ಟೇ. ಕಲಾವಿದ ಬೋಧನೆ ಮಾಡದೆ ಪಕ್ಕಕ್ಕೆ ಸರಿದು ನಿಂತಿದ್ದಾನೆ.

ಇದರ ಮೂಲ ವರ್ಣಚಿತ್ರ 2013ರ ಹರಾಜಿನಲ್ಲಿ ಸುಮಾರು 4 ಕೋಟಿ 60 ಲಕ್ಷ ಡಾಲರಿಗೆ ಮಾರಾಟವಾಯಿತು. ಮುದ್ರಿತ ಪ್ರತಿಗಳ ಲೆಕ್ಕಾಚಾರ ಬೇರೆ. ಚಂದಾದಾರರಿಗೆ ಅಂಚೆಯಲ್ಲಿ ಹೋದ ಸಂಚಿಕೆಗಳ ಮುಖಪುಟದ ಮೇಲೆ ವಿಳಾಸದ ಚೀಟಿ ಅಂಟಿರುತ್ತದೆ. ಸಂಗ್ರಾಹಕರ ಕಣ್ಣಿಗೆ ಅದೊಂದು ಕಳಂಕ. ಚೀಟಿಯಿಲ್ಲದ ಪ್ರತಿಗೇ ಹೆಚ್ಚಿನ ಬೆಲೆ. ಆದರೆ ಈ ಚಿತ್ರ ಯಾವ ಮನೆಯ ಬಾಗಿಲಿಗೆ ತಲುಪಿತು ಎಂಬುದಕ್ಕೆ ಉಳಿದಿರುವ ಸಾಕ್ಷಿ ಆ ಚೀಟಿಯೇ ಅಲ್ಲವೇ? ಮನೆಮಂದಿಯ ಕೈಯಿಂದ ಕೈಗೆ ಹೋಗಲೆಂದೇ ಅಚ್ಚಾದ ಪತ್ರಿಕೆಯಲ್ಲಿ ಯಾರೂ ಮುಟ್ಟದ ಪ್ರತಿಯೇ ಶ್ರೇಷ್ಠವೆನಿಸುವುದು ವಿಪರ್ಯಾಸ.

ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಹಲವರು ಮುಖಪುಟವನ್ನಷ್ಟೇ ಕತ್ತರಿಸಿ ಚೌಕಟ್ಟು ಹಾಕಿಸುತ್ತಾರೆ. ಹಾಗೆ ಗೋಡೆಗೇರಿದ ಅಮೆರಿಕ ಎಷ್ಟು ಸುಂದರ! ಅಲ್ಲಿ ಯಾರಿಗೆ ಸ್ಥಾನವಿರಲಿಲ್ಲ ಎಂಬ ಪ್ರಶ್ನೆ ಮಾತ್ರ ಏಳುವುದಿಲ್ಲ. ಕಪ್ಪು ಜನರನ್ನು ಸೇವಕರಾಗಿ ಮಾತ್ರ ಚಿತ್ರಿಸಬೇಕೆಂದು ಪತ್ರಿಕೆಯಿಂದ ತಮಗೆ ಸೂಚನೆಯಿತ್ತೆಂದು ರಾಕ್‌ವೆಲ್ ಮುಂದೆ ತಾವೇ ಹೇಳಿಕೊಂಡರು. 'ಪೋಸ್ಟ್' ತೊರೆದ ಬಳಿಕ, 1964ರ ಜನವರಿಯಲ್ಲಿ 'ಲುಕ್' ಪತ್ರಿಕೆಯಲ್ಲಿ ಅವರ ಬೇರೊಂದು ಚಿತ್ರ ಪ್ರಕಟವಾಯಿತು. ಅದಕ್ಕೆ ಪ್ರೇರಣೆ ರೂಬಿ ಬ್ರಿಡ್ಜಸ್. 1960ರಲ್ಲಿ ನ್ಯೂ ಆರ್ಲಿಯನ್ಸ್‌ನ ಬಿಳಿಯರ ಶಾಲೆಗೆ ಅಧಿಕಾರಿಗಳ ಕಾವಲಿನಲ್ಲಿ ನಡೆದುಹೋದ ಆರು ವರ್ಷದ ಕಪ್ಪು ಬಾಲಕಿ. ಚಿತ್ರದಲ್ಲಿ ಅವಳ ಹಿಂದಿನ ಗೋಡೆಯ ಮೇಲೆ ಬೈಗುಳ, ಎಸೆದ ಟೊಮೆಟೊದ ಕಲೆ. ಈ ಚಿತ್ರ ಬಂದದ್ದು ಒಳಪುಟಗಳಲ್ಲಿ. ಮುಖಪುಟಗಳನ್ನಷ್ಟೇ ಕೂಡಿಡುವವರ ಸಂಗ್ರಹಕ್ಕೆ ಅದು ಸೇರುವುದೇ ಇಲ್ಲ.

ಹಳೆಯದನ್ನು ಕಾಪಾಡುವುದು ಒಳ್ಳೆಯ ಕೆಲಸವೇ. ಆದರೆ ಇಡಿಯಾಗಿ ಕಾಪಾಡಬೇಕು: ವಿಳಾಸದ ಚೀಟಿಯೊಡನೆ, ಒಳಪುಟಗಳೊಡನೆ. ಪ್ರಾರ್ಥಿಸುವ ವೃದ್ಧೆಯ ಚಿತ್ರವನ್ನು ಮೆಚ್ಚಿದ ಕಣ್ಣು, ಒಬ್ಬಳೇ ಶಾಲೆಗೆ ಹೊರಟ ಆ ಬಾಲಕಿಯನ್ನೂ ನೋಡಬೇಕು. ಎರಡನ್ನೂ ಬರೆದದ್ದು ಒಂದೇ ಕೈ.