ವ್ಯಾಕ್ಸಿನ್ ವಾರ್ ಮತ್ತು ನಮ್ಮೂರ ಇಂಜೆಕ್ಷನ್

'ದಿ ವ್ಯಾಕ್ಸಿನ್ ವಾರ್' 2023ರ ಸೆಪ್ಟೆಂಬರಿನಲ್ಲಿ ಬಂದಾಗ ಥಿಯೇಟರಿಗೆ ಹೋಗಿರಲಿಲ್ಲ. ಆಮೇಲೆ ಮನೆಯಲ್ಲೇ ಕೂತು ನೋಡಿದೆ. 'ಕಾಂತಾರ'ದ ಸಪ್ತಮಿ ಗೌಡ ಇದ್ದಾರೆ ಅನ್ನೋದು ಒಂದು ಕಾರಣ. ನಾನು ಹಾಕಿಸಿಕೊಂಡಿದ್ದೂ ಕೋವ್ಯಾಕ್ಸಿನ್ನೇ ಅನ್ನೋದು ಇನ್ನೊಂದು.

ಮೊದಲು ಒಳ್ಳೆಯದನ್ನ ಹೇಳಿಬಿಡ್ತೀನಿ. ಪುಣೆಯ ವೈರಾಣು ಸಂಸ್ಥೆಯ ಮುಖ್ಯಸ್ಥೆ ಪ್ರಿಯಾ ಅಬ್ರಹಾಂ ಆಗಿ ಪಲ್ಲವಿ ಜೋಶಿ ನಂಬುವ ಹಾಗೆ ಇದ್ದಾರೆ. ಲಾಕ್‌ಡೌನಿನಲ್ಲಿ ಪ್ರಯೋಗಕ್ಕೆ ಕೋತಿ ಹುಡುಕಿಕೊಂಡು ಹೋಗುವ ಭಾಗವಂತೂ ಚೆನ್ನಾಗಿದೆ. ಅದು ನಿಜವಾಗಿ ನಡೆದದ್ದು ಕೂಡ. ವಿಜ್ಞಾನ ಅಂದ್ರೆ ಹೀಗೇ, ಅರ್ಧ ಬುದ್ಧಿ, ಅರ್ಧ ಓಡಾಟ.

ತಕರಾರು ಇರೋದು ರೈಮಾ ಸೇನ್ ಮಾಡಿದ ಪತ್ರಕರ್ತೆಯ ಪಾತ್ರದ ಬಗ್ಗೆ. ಸಿನಿಮಾದಲ್ಲಿ ಲಸಿಕೆ ಬಗ್ಗೆ ಪ್ರಶ್ನೆ ಎತ್ತೋದು ಅಂದ್ರೆ ದೇಶಕ್ಕೆ ಎರಡು ಬಗೆದ ಹಾಗೆ. ಆದರೆ ಆಗ ಪ್ರಶ್ನೆ ಎತ್ತಿದವರು ಯಾರು? 2020ರ ಜುಲೈ 2ರಂದು ಐಸಿಎಂಆರ್‌ನ ಬಲರಾಮ್ ಭಾರ್ಗವ ಪತ್ರ ಬರೆದು, ಆಗಸ್ಟ್ 15ರೊಳಗೆ ಲಸಿಕೆ ಬರಬೇಕು ಅಂದರು. ಇದು ಆಗೋ ಮಾತಲ್ಲ ಅಂತ ಹೇಳಿಕೆ ಕೊಟ್ಟದ್ದು ಯಾವ ಟೀವಿ ಚಾನೆಲ್ಲೂ ಅಲ್ಲ, ನಮ್ಮ ಬೆಂಗಳೂರಿನಲ್ಲೇ ಇರುವ ಭಾರತೀಯ ವಿಜ್ಞಾನ ಅಕಾಡೆಮಿ. 2021ರ ಜನವರಿ 3ರಂದು ಅನುಮತಿ ಸಿಕ್ಕಾಗ ಮೂರನೇ ಹಂತದ ಫಲಿತಾಂಶ ಬಂದಿರಲಿಲ್ಲ. ಶುರುವಿನಲ್ಲಿ ಹಾಕಿಸಿಕೊಂಡವರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕಿತ್ತು. ಅದೇ ನವೆಂಬರಿನಲ್ಲಿ ಲ್ಯಾನ್ಸೆಟ್‌ನಲ್ಲಿ 77.8% ಪರಿಣಾಮ ಅಂತ ಪ್ರಕಟವಾಯಿತು, ಖುಷಿಯಾಯಿತು. ಆದರೆ ಉತ್ತರ ಆಮೇಲೆ ಒಳ್ಳೆಯದೇ ಬಂತು ಅಂದ ಮಾತ್ರಕ್ಕೆ ಜನವರಿಯಲ್ಲಿ ಕೇಳಿದ ಪ್ರಶ್ನೆ ತಪ್ಪಾಗಿಬಿಡುತ್ತಾ?

ನಂಗೆ ಇದು ಇಷ್ಟು ಚುಚ್ಚೋದಕ್ಕೆ ಕಾರಣ ನಮ್ಮ ದೊಡ್ಡಮ್ಮ. ಅವರ ಮನೆ ಸಾಗರದ ಕಡೆ. ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸತ್ತು ಬಿದ್ದಾಗಲೇ ಮಂಗನ ಕಾಯಿಲೆ ಜಗತ್ತಿಗೆ ಗೊತ್ತಾಗಿದ್ದು. ಉಣುಗು ಕಚ್ಚಿ ಬರೋ ಜ್ವರ. ಅದಕ್ಕೂ ಲಸಿಕೆ ಇತ್ತು. ಎರಡು ಡೋಸ್, ಆಮೇಲೆ ಬೂಸ್ಟರ್, ಆಮೇಲೆ ವರ್ಷ ವರ್ಷ ಮತ್ತೊಂದು. 2005ರಿಂದ 2010ರವರೆಗಿನ ಲೆಕ್ಕ ನೋಡಿದ ಅಧ್ಯಯನದಲ್ಲಿ ಎರಡು ಡೋಸ್‌ಗೆ ಸುಮಾರು 62%, ಬೂಸ್ಟರ್ ಸೇರಿದರೆ 83% ರಕ್ಷಣೆ ಅಂತ ಬಂದಿತ್ತು. ಆದರೆ ಬೂಸ್ಟರ್ ತನಕ ಬರುವವರೇ ಕಮ್ಮಿ. "ಚುಚ್ಚಿಸ್ಕೊಂಡ್ರೆ ಮೂರು ದಿನ ಕೈ ಎತ್ತಕ್ಕಾಗಲ್ಲ ಕಣೋ, ಹಾಲು ಕರೆಯೋರು ಯಾರು?" ಅಂತ ದೊಡ್ಡಮ್ಮ ಪ್ರತಿ ಸಲ ಕೇಳ್ತಿದ್ರು. ಅದನ್ನ ಎಲ್ಲರೂ ಅಜ್ಞಾನ ಅಂತಲೇ ಬರೆದುಕೊಂಡರು. 2018-19ರಲ್ಲಿ ಸಾಗರ ತಾಲೂಕಿನ ಅರಳಗೋಡಿನಲ್ಲಿ ಸಾವುಗಳಾದವು. 2022ರಲ್ಲಿ, ಪರಿಣಾಮ ಸಾಲದು ಅಂತ, ಆ ಲಸಿಕೆಯನ್ನೇ ನಿಲ್ಲಿಸಿದರು.

ದೊಡ್ಡಮ್ಮನ ಆ ಪ್ರಶ್ನೆಯನ್ನ ಸಿನಿಮಾ ಯಾವ ಪಾತ್ರದ ಬಾಯಲ್ಲಿ ಇಡ್ತಿತ್ತು? ನೋಡ್ತಾ ನೋಡ್ತಾ ಇದೇ ಯೋಚನೆ. ಸೂಜಿಗೆ ಹೆದರೋ, ವಾಟ್ಸಾಪ್ ನಂಬೋ ಜನ ಇದ್ದಾರೆ, ಇಲ್ಲ ಅನ್ನಲ್ಲ. ಅವರನ್ನೂ ಇವರನ್ನೂ ಒಂದೇ ಗೋಣಿಚೀಲಕ್ಕೆ ತುಂಬೋದು ನಿರ್ದೇಶಕರಿಗೆ ಸುಲಭ, ಲಸಿಕೆ ಹಿಡಿದು ಮನೆಮನೆಗೆ ಹೋಗೋ ಆಶಾ ಕಾರ್ಯಕರ್ತೆಗೆ ಅಲ್ಲ.

ಮಂಗನ ಕಾಯಿಲೆಗೆ ಈಗ ಹೊಸ ಲಸಿಕೆ ತಯಾರಾಗ್ತಿದೆ, ಅದೇ ಐಸಿಎಂಆರ್ ಕಡೆಯಿಂದ. ಫೋನಿನಲ್ಲಿ ಹೇಳಿದೆ. ದೊಡ್ಡಮ್ಮ ಕೇಳಿದ್ದು ಒಂದೇ: "ಇದೂ ಅಷ್ಟೇ ನೋಯತ್ತೇನೋ?"