ಉನೊ ಆಟದ ತುಂಟತನ
ಅಮೆರಿಕದ ಓಹಿಯೊ ರಾಜ್ಯದಲ್ಲಿ ಕ್ಷೌರದಂಗಡಿ ನಡೆಸುತ್ತಿದ್ದ ಮರ್ಲ್ ರಾಬಿನ್ಸ್ 1971ರಲ್ಲಿ ರೂಪಿಸಿದ ಉನೊ ಎಂಬ ಕಾರ್ಡ್ ಆಟ, ಹಬ್ಬದೂಟ ಮುಗಿದ ಮಧ್ಯಾಹ್ನ ನಮ್ಮ ನಡುಮನೆಯ ಚಾಪೆಗೂ ಬಂದು ಕೂತಿದೆ. ಮೂಲ ಕಟ್ಟಿನಲ್ಲಿ 108 ಎಲೆ, ನಾಲ್ಕು ಬಣ್ಣ, ತಲೆಗೆ ಏಳೇಳು. ಬಣ್ಣವೋ ಅಂಕಿಯೋ ಹೊಂದಿದರೆ ಎಲೆ ಇಳಿಸಬಹುದು. ಏಳು ವರ್ಷದ ಮಗುವಿಗೂ ಅಷ್ಟು ತಿಳಿದರೆ ಸಾಕು.

ನನಗೆ ತುಂಬ ಇಷ್ಟ ಇದರ ತುಂಟತನ. ಗೆಲ್ಲಲು ಹೊರಟವರ ಸರದಿ ತಪ್ಪಿಸಬಹುದು, ಆಟದ ದಿಕ್ಕನ್ನೇ ತಿರುಗಿಸಬಹುದು, 'ಪ್ಲಸ್ ಟೂ' ಹಾಕಿ ಎರಡೆಲೆ ಎತ್ತಿಸಬಹುದು. ಎಲ್ಲಕ್ಕಿಂತ ಸೊಗಸು ಮುಂದಿನವರಿಂದ ನಾಲ್ಕೆಲೆ ಎತ್ತಿಸುವ 'ಪ್ಲಸ್ ಫೋರ್'. ನಡೆಯುತ್ತಿರುವ ಬಣ್ಣ ಕೈಯಲ್ಲಿ ಇಲ್ಲದಿದ್ದರೆ ಮಾತ್ರ ಅದನ್ನು ಹಾಕಬೇಕು. ಇಟ್ಟುಕೊಂಡೇ ಹಾಕುವವರೂ ಉಂಟು. ಎಲೆ ಎತ್ತಬೇಕಾದವರಿಗೆ ಅನುಮಾನ ಬಂದರೆ ಸವಾಲು ಹಾಕಿ 'ಕೈ ತೋರಿಸು' ಎನ್ನಬಹುದು. ಕಳ್ಳಾಟ ಬಯಲಾದರೆ ಹಾಕಿದವರಿಗೇ ನಾಲ್ಕೆಲೆ, ಅನುಮಾನ ಸುಳ್ಳಾದರೆ ಸವಾಲೆಸೆದವರಿಗೆ ಆರು. ಮೊಮ್ಮಗಳು ಅಜ್ಜಿಯ ಮುಖ ದಿಟ್ಟಿಸಿ ನಿಜ ಹುಡುಕುವ ಆ ಕ್ಷಣವೇ ಆಟದ ಜೀವ. (ಪ್ಲಸ್ ಟೂ ಮೇಲೆ ಪ್ಲಸ್ ಟೂ ಹೇರುವುದಕ್ಕೆ ಅಧಿಕೃತ ನಿಯಮದಲ್ಲಿ ಜಾಗವಿಲ್ಲ, ಆದರೂ ಮನೆಮನೆಯಲ್ಲಿ ಅದು ನಡೆಯುತ್ತದೆ, ನಡೆಯಲಿ.) ಒಂದೇ ಎಲೆ ಉಳಿದಾಗ 'ಉನೊ' ಎಂದು ಕೂಗಲು ಮರೆತವರನ್ನು ಹಿಡಿಯಲು ಎಲ್ಲರ ಕಣ್ಣೂ ಕಾದಿರುತ್ತದೆ; ಸಿಕ್ಕಿಬಿದ್ದರೆ ಮತ್ತೆರಡು ಎಲೆ.