ಚರಮಗೀತೆಗೆ ಸತ್ತವರು ಯಾರು?

2016ರ ನವೆಂಬರಿನಲ್ಲಿ ಡೊನಾಲ್ಡ್ ಟ್ರಂಪ್ ಗೆದ್ದಾಗ ಅಮೆರಿಕದ ಓದುಗರು ಒಂದು ಪುಸ್ತಕದ ಮೊರೆಹೋದರು. ಅದೇ ವರ್ಷ ಬಂದಿದ್ದ ಜೆ.ಡಿ. ವ್ಯಾನ್ಸ್ ಅವರ ಆತ್ಮಕಥನ 'ಹಿಲ್‌ಬಿಲಿ ಎಲಿಜಿ', ಅಂದರೆ ಗುಡ್ಡಗಾಡಿನವರ ಚರಮಗೀತೆ. ಅಪಲೇಷಿಯಾ ಬೆಟ್ಟಸಾಲಿನ ಬಡ ಬಿಳಿಯರು ಡೆಮಾಕ್ರಟಿಕ್ ಪಕ್ಷವನ್ನು ಬಿಟ್ಟದ್ದೇಕೆ ಎಂಬುದಕ್ಕೆ ಅದರಲ್ಲಿ ಉತ್ತರವಿದೆ ಎಂದು ಹಲವರು ನಂಬಿದರು. ನನಗೆ ಆ ಉತ್ತರ ಹೆಚ್ಚಾಗಿ ಕಂಡದ್ದು 29 ವರ್ಷ ಮೊದಲೇ ಪ್ರಕಟವಾದ ಒಂದು ಕಾದಂಬರಿಯಲ್ಲಿ: ಡೆನೀಸ್ ಜಿಯಾರ್ಡಿನಾ ಅವರ 'ಸ್ಟಾರ್ಮಿಂಗ್ ಹೆವನ್' (1987).

ಈ ಪಕ್ಷಾಂತರ ಅತ್ಯಂತ ಢಾಳಾಗಿ ಕಾಣುವುದು ಕಾದಂಬರಿಯ ನೆಲವಾದ ವೆಸ್ಟ್ ವರ್ಜೀನಿಯಾದಲ್ಲಿ. 1932ರಿಂದ 1996ರವರೆಗೆ ನಡೆದ 17 ಅಧ್ಯಕ್ಷೀಯ ಚುನಾವಣೆಗಳಲ್ಲಿ ಮೂರನ್ನು ಬಿಟ್ಟು ಉಳಿದೆಲ್ಲದರಲ್ಲೂ ಈ ಕಲ್ಲಿದ್ದಲ ರಾಜ್ಯ ಡೆಮಾಕ್ರಟರನ್ನು ಗೆಲ್ಲಿಸಿತು. 2000ದಲ್ಲಿ ಜಾರ್ಜ್ ಬುಷ್ ಕಡೆ ಹೊರಳಿದ್ದು ಮತ್ತೆ ಮರಳಲಿಲ್ಲ. 2016ರಲ್ಲಿ ಟ್ರಂಪ್‌ಗೆ ಸುಮಾರು ಶೇ. 68 ಮತ ಬಿದ್ದವು.

ವ್ಯಾನ್ಸ್ ಬೆಳೆದದ್ದು ಒಹಾಯೊದ ಉಕ್ಕಿನ ಕಾರ್ಖಾನೆಯ ಊರಿನಲ್ಲಿ. ಅಜ್ಜ ಅಜ್ಜಿ ಕೆಂಟಕಿಯ ಬೆಟ್ಟಗಳಿಂದ ವಲಸೆ ಬಂದವರು. ಬಾಯಿಬಡುಕಿ, ಬಂದೂಕು ಹಿಡಿಯಲೂ ಹಿಂಜರಿಯದ ಅಜ್ಜಿಯ ಚಿತ್ರ ಮರೆಯುವಂಥದ್ದಲ್ಲ. ತಾಯಿಯ ಮಾದಕ ವ್ಯಸನದ ನಡುವೆ ಹುಡುಗ ಉಳಿದುಕೊಂಡ ಬಗೆಯನ್ನು ಬರೆಯುವಾಗ ಅವರ ಗದ್ಯ ಪ್ರಾಮಾಣಿಕವಾಗಿದೆ. ತೊಡಕು ಶುರುವಾಗುವುದು 'ನಾನು' ಎಂಬುದು 'ನಾವು' ಆಗುವಲ್ಲಿ. ಒಂದು ಮನೆಯ ಜಗಳ ಇಡೀ ಜನಾಂಗದ ಸಂಸ್ಕೃತಿಯಾಗುತ್ತದೆ. ಕಾರ್ಖಾನೆ ಸೊರಗಿದ್ದನ್ನು ಅವರು ಬಲ್ಲರು, ಆದರೆ ಕಡೆಗೆ ಬೆರಳು ತೋರುವುದು ಜನರ ಸ್ವಭಾವದ ಕಡೆಗೇ. ಇತಿಹಾಸಕಾರ್ತಿ ಎಲಿಜಬೆತ್ ಕ್ಯಾಟ್ 2018ರಲ್ಲಿ ಇದನ್ನು ಪ್ರತಿಭಟಿಸಿಯೇ ಒಂದು ಪುಸ್ತಕ ಬರೆದರು.

ಜಿಯಾರ್ಡಿನಾ ಗಣಿ ಕಾಲೊನಿಯಲ್ಲೇ ಬೆಳೆದವರು. ಅವರ ಕಾದಂಬರಿಯನ್ನು ನಾಲ್ಕು ದನಿಗಳು ಹೇಳುತ್ತವೆ. ಅವುಗಳಲ್ಲಿ ಒಂದು, ಗಣಿಗೆ ಮಕ್ಕಳನ್ನು ಕಳೆದುಕೊಳ್ಳುವ ಇಟಲಿಯ ವಲಸೆಗಾರ್ತಿ ರೋಸಾಳದು. ಮನೆ ಕಂಪನಿಯದು, ಅಂಗಡಿ ಕಂಪನಿಯದು, ಕೂಲಿಯಾಗಿ ಕೊಡುವ ಟೋಕನ್ನೂ ಕಂಪನಿಯದೇ. ಕಥೆ 1921ರ ಬ್ಲೇರ್ ಮೌಂಟನ್ ಕಾಳಗದತ್ತ ಸಾಗುತ್ತದೆ. ಆ ಕಾಳಗದಲ್ಲಿ ಸುಮಾರು 10,000 ಗಣಿಗಾರರು ಬಂದೂಕು ಹಿಡಿದು ಹೊರಟಿದ್ದರು. ಈ ಜನಕ್ಕೆ ಪಕ್ಷ ದೂರದ್ದು, ಯೂನಿಯನ್ ಹತ್ತಿರದ್ದು. ಸತ್ತವರ ಮನೆಗೆ ಬರುವುದು, ಕಂಪನಿ ಮನೆಯಿಂದ ಹೊರಹಾಕಿದಾಗ ಡೇರೆ ಕೊಡುವುದು ಯೂನಿಯನ್.

ಕಾದಂಬರಿ ನಿಲ್ಲುವಲ್ಲಿಂದ ಇತಿಹಾಸವನ್ನು ಓದಿಕೊಂಡರೆ ಮುಂದಿನದು ಬಿಡಿಸಿಕೊಳ್ಳುತ್ತದೆ. 1933ರ ನಂತರ ರೂಸ್ವೆಲ್ಟ್ ಕಾಲದ ಕಾನೂನುಗಳು ಯೂನಿಯನ್ನಿಗೆ ನೆಲೆ ಕೊಟ್ಟವು. ಆ ಋಣ ಡೆಮಾಕ್ರಟರಿಗೆ ಮತವಾಯಿತು. ನಿಷ್ಠೆ ಪಕ್ಷಕ್ಕೆ ಬಂದದ್ದು ಯೂನಿಯನ್ನಿನ ಬಾಗಿಲಿನಿಂದ. 1950ರ ಹೊತ್ತಿಗೆ ಒಂದು ಲಕ್ಷಕ್ಕೂ ಮೀರಿ ಇದ್ದ ಗಣಿ ಕೆಲಸಗಾರರು ಯಂತ್ರಗಳು ಬಂದಂತೆ ಕರಗುತ್ತ 2016ಕ್ಕೆ 20,000ಕ್ಕಿಂತಲೂ ಕೆಳಗಿಳಿದರು. ಯೂನಿಯನ್ ಸೊರಗಿತು, ಬಾಗಿಲು ಮುಚ್ಚಿತು. ಅಷ್ಟರಲ್ಲಿ ಡೆಮಾಕ್ರಟರು ಹವಾಮಾನದ ಹೆಸರಿನಲ್ಲಿ ಕಲ್ಲಿದ್ದಲಿನ ವೈರಿಗಳಂತೆ ಕಾಣತೊಡಗಿದ್ದರು. ಹಿಂದೆ ಡೇರೆಗಳ ಮೇಲೆ ಗುಂಡು ಹಾರಿಸಿದ್ದ ಕಂಪನಿಗಳ ವಾರಸುದಾರರು 'ನಾವೂ ನೀವೂ ಒಂದೇ' ಎಂದಾಗ ತಡೆದು ಕೇಳುವವರು ಉಳಿದಿರಲಿಲ್ಲ.

ಕಾದಂಬರಿಗೂ ಮಿತಿಯಿದೆ. ಅಲ್ಲಿ ಕರಿಯರು, ಇಟಲಿಯವರು, ಬೆಟ್ಟದ ಬಿಳಿಯರು ಒಂದಾಗುವುದು ತುಸು ಸಲೀಸಾಯಿತೆನಿಸುತ್ತದೆ. 2012ರ ಡೆಮಾಕ್ರಟಿಕ್ ಪ್ರೈಮರಿಯಲ್ಲಿ ಒಬಾಮಾ ವಿರುದ್ಧ ಟೆಕ್ಸಾಸ್ ಜೈಲಿನಲ್ಲಿದ್ದ ಕೈದಿಯೊಬ್ಬನಿಗೆ ಈ ರಾಜ್ಯ ಸುಮಾರು ಶೇ. 41 ಮತ ಕೊಟ್ಟಿತು. ಅದರಲ್ಲಿ ಕಲ್ಲಿದ್ದಲಿನ ಸಿಟ್ಟೆಷ್ಟು, ಬಣ್ಣದ ಅಸಹನೆಯೆಷ್ಟು? ಜಿಯಾರ್ಡಿನಾ ಅವರ ಸೋದರಭಾವ ಈ ಪ್ರಶ್ನೆಗೆ ನಮ್ಮನ್ನು ಸಜ್ಜುಗೊಳಿಸುವುದಿಲ್ಲ.

ಇಬ್ಬರು ಲೇಖಕರೂ ಚುನಾವಣೆಗೆ ನಿಂತವರೇ. ವ್ಯಾನ್ಸ್ 2025ರಲ್ಲಿ ಅಮೆರಿಕದ ಉಪಾಧ್ಯಕ್ಷರಾದರು. ಜಿಯಾರ್ಡಿನಾ 2000ದಲ್ಲಿ, ಬುಷ್ ಆ ರಾಜ್ಯವನ್ನು ಗೆದ್ದ ಅದೇ ದಿನ, ಪುಟ್ಟ ಮೌಂಟನ್ ಪಕ್ಷದಿಂದ ಗವರ್ನರ್ ಸ್ಥಾನಕ್ಕೆ ನಿಂತು ಸೋತರು. ಬೆಟ್ಟದ ನೆತ್ತಿಯನ್ನೇ ಸಿಡಿಸಿ ಕಲ್ಲಿದ್ದಲು ತೆಗೆಯುವುದನ್ನು ಅವರು ವಿರೋಧಿಸಿದ್ದರು.

ಗೆದ್ದವರ ಪುಸ್ತಕವೇ ನಿಜವೆಂದು ಹೇಳುವ ಮುನ್ನ 2018ನ್ನು ನೆನೆಯಬೇಕು. ಟ್ರಂಪ್‌ಗೆ ಅಷ್ಟು ಮತ ಕೊಟ್ಟ ಎರಡೇ ವರ್ಷದೊಳಗೆ ಆ ರಾಜ್ಯದ 55 ಕೌಂಟಿಗಳ ಶಿಕ್ಷಕರೂ ಮುಷ್ಕರ ಹೂಡಿ ಎಲ್ಲ ಸರ್ಕಾರಿ ನೌಕರರಿಗೆ ಶೇ. 5 ಸಂಬಳ ಹೆಚ್ಚಿಸಿಕೊಂಡರು. ಹಲವರ ಕೊರಳಲ್ಲಿ ಕೆಂಪು ಬಟ್ಟೆಯಿತ್ತು. 1921ರಲ್ಲಿ ಗಣಿಗಾರರು ಕಟ್ಟಿಕೊಂಡಿದ್ದಂಥದ್ದೇ. ಚರಮಗೀತೆ ಬರೆಸಿಕೊಂಡವರು ಬೀದಿಯಲ್ಲಿ ಘೋಷಣೆ ಕೂಗುತ್ತಿದ್ದರು.